ಮಟ್ಟವಿಲ್ಲದ ನೆಲದಲ್ಲಿ ಎಣ್ಣೆಯ ಮಟ್ಟ

ಹೋದ ಮಳೆಗಾಲದ ಕೊನೆಗೆ, ಹೊರನಾಡಿನಿಂದ ಕಳಸಕ್ಕೆ ಬರುವಾಗ ನನ್ನ ಹಳೇ ಪೆಟ್ರೋಲ್ ಜೀಪು ಏರಿನಲ್ಲಿ ಸೋತಿತು. ಎಂಜಿನ್ ಕೂಗುತ್ತಿತ್ತು, ಗಾಡಿ ಮಾತ್ರ ಏಳುತ್ತಿರಲಿಲ್ಲ. ಕ್ಲಚ್ ಜಾರುತ್ತಿದೆ ಅಂತ ಕಾಲಿಗೇ ಗೊತ್ತಾಯಿತು. ಬಿಚ್ಚಿಸಿ ನೋಡಿದರೆ ಪ್ಲೇಟು ಸವೆದೇ ಇಲ್ಲ, ಎಂಜಿನ್ ಆಯಿಲಿನಲ್ಲಿ ಮಿಂದು ಕೂತಿದೆ. ಕ್ರ್ಯಾಂಕ್‌ಶಾಫ್ಟಿನ ಹಿಂದಿನ ಸೀಲಿನಿಂದ ಇಳಿದ ಎಣ್ಣೆ ಅದು. ಸೀಲು ಹಳೆಯದು, ನಿಜ. ಆದರೆ ಅಷ್ಟು ಎಣ್ಣೆ ಅಲ್ಲಿಗೆ ಹೋದದ್ದಾದರೂ ಹೇಗೆ? ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ಉತ್ತರ ಸಿಕ್ಕಿದ್ದು ಆಯಿಲ್ ನೋಡುವ ಕಡ್ಡಿಯಲ್ಲಿ, ನಮ್ಮ ಮೆಕ್ಯಾನಿಕ್‌ಗಳು ಗೇಜು ಅನ್ನುವ ಡಿಪ್‌ಸ್ಟಿಕ್‌ನಲ್ಲಿ.

ವಿಲ್ಲಿಸ್ ವಂಶದ ಜೀಪುಗಳಲ್ಲಿ ಈ ಕಡ್ಡಿಗೆ ಬೇರೆ ಕೊಳವೆ ಇಲ್ಲ. ಎಣ್ಣೆ ಸುರಿಯುವ ಕೊಳವೆಯ ಮುಚ್ಚಳಕ್ಕೇ ಕಡ್ಡಿ ಸೇರಿಕೊಂಡಿರುತ್ತದೆ. ಮುಚ್ಚಳ ತೆಗೆದರೆ ಅಳತೆಯೂ ಕೈಗೆ ಬಂತು. ನನ್ನದು ತುಕ್ಕು ಹಿಡಿದು ಬುಡದಲ್ಲಿ ಮುರಿದಿತ್ತು. ಬೇರೆ ಊರಿನ ಒಂದು ಗ್ಯಾರೇಜಿನಲ್ಲಿ ಇನ್ಯಾವುದೋ ಎಂಜಿನ್‌ನ ಮುಚ್ಚಳ ಹಾಕಿಕೊಟ್ಟರು. ಸರಿಯಾಗಿ ಕೂತಿತು, ನಾನೂ ಸುಮ್ಮನಾದೆ. ಆ ಕಡ್ಡಿ ಅರ್ಧ ಇಂಚು ಗಿಡ್ಡ. ಗಿಡ್ಡ ಕಡ್ಡಿಯ ಮೇಲಿನ ಗೆರೆ ಎಂಜಿನ್ ಒಳಗೆ ಇರಬೇಕಾದ್ದಕ್ಕಿಂತ ಮೇಲೆ ನಿಲ್ಲುತ್ತದೆ. ಎಣ್ಣೆ ಸರಿಯಾಗಿದ್ದರೂ ಕಡಿಮೆ ಅಂತ ತೋರಿಸುತ್ತದೆ. ತಿಂಗಳಿಗೊಮ್ಮೆ ಕಡ್ಡಿ ನೋಡಿ, ಕಾಳಜಿಯಿಂದಲೇ ಸುರಿದೆ. ಹೆಚ್ಚಾದ ಎಣ್ಣೆಯನ್ನು ಏರಿನಲ್ಲಿ ಹಿಂದಕ್ಕೆ ವಾಲಿದ ಎಂಜಿನ್ ಸೀಲಿನ ಕಡೆಗೇ ನೂಕಿತು.

ಕಡಿಮೆಯಾದರೆ ಎಂಜಿನ್ ಹೋಗುತ್ತದೆ ಅಂತ ಎಲ್ಲರಿಗೂ ಗೊತ್ತು. ಹೆಚ್ಚಾದರೂ ಕೆಡುಕೇ ಅನ್ನುವುದನ್ನು ಒಪ್ಪುವವರು ಕಮ್ಮಿ. ಮಟ್ಟ ತೀರಾ ಏರಿದರೆ ತಿರುಗುವ ಕ್ರ್ಯಾಂಕು ಎಣ್ಣೆಯನ್ನು ಕಡೆದು ನೊರೆ ಮಾಡುತ್ತದೆ. ಪಂಪು ನೊರೆ ಎಳೆದರೆ ಬೇರಿಂಗಿಗೆ ಹೋಗುವುದು ಅರ್ಧ ಗಾಳಿ. ಈ ಜೀಪಿನ ಎಂಜಿನ್ ಕಟ್ಟಿದವರು ಒಂದು ಜಾಣತನ ಮಾಡಿದ್ದಾರೆ: ಎಣ್ಣೆ ಹೀರುವ ಜರಡಿ ಸಂಪಿನ ತಳಕ್ಕೆ ಅಂಟಿಕೊಂಡಿಲ್ಲ, ಕೀಲಿನ ಮೇಲೆ ತೇಲುತ್ತದೆ, ಮಟ್ಟ ಏರಿದರೆ ಏರುತ್ತದೆ, ಇಳಿದರೆ ಇಳಿಯುತ್ತದೆ. ತಳದ ಗಸಿಯನ್ನು ಬಿಟ್ಟು ಮೇಲಿನ ತಿಳಿಯನ್ನು ಕುಡಿಯುವ ಈ ಏರ್ಪಾಡು ನನಗೆ ಯಾವ ಹೊಸ ಕಾರಿನ ಸೌಕರ್ಯಕ್ಕಿಂತಲೂ ಹೆಚ್ಚು ಇಷ್ಟ. ಆದರೆ ನೊರೆಯ ಮುಂದೆ ಅದರ ಆಟವೂ ನಡೆಯುವುದಿಲ್ಲ.

ಬೆಂಗಳೂರಿಗೆ ಹೋದಾಗ ಜೆ.ಸಿ. ರಸ್ತೆಯಲ್ಲಿ ಹುಡುಕಿ ಮುಚ್ಚಳ ಸಮೇತ ಹೊಸ ಕಡ್ಡಿ ತಂದೆ. ಅದರ ಮೇಲಿನ ಗೆರೆಗಳನ್ನೂ ನಂಬಲಿಲ್ಲ. ಮುಚ್ಚಳದ ವಾಷರ್ ಒಂದು ನೂಲು ದಪ್ಪವಾದರೆ ಕಡ್ಡಿ ಅಷ್ಟು ಮೇಲೆ ನಿಲ್ಲುತ್ತದೆ. ಅಂಬಾಸಿಡರ್, ಪದ್ಮಿನಿ ಇಟ್ಟುಕೊಂಡವರಿಗೂ ಇದೇ ಮಾತು: ಕಡ್ಡಿಯ ಉದ್ದಕ್ಕಿಂತ ಅದು ಎಲ್ಲಿ ತಗಲಿ ಕೂರುತ್ತದೆ ಅನ್ನುವುದು ಮುಖ್ಯ. ಹಾಗಾಗಿ ಗೆರೆಯನ್ನು ನಾವೇ ಕೊರೆಯಬೇಕು, ಅಳೆದು ಸುರಿದ ಎಣ್ಣೆಯನ್ನು ಸಾಕ್ಷಿ ಇಟ್ಟುಕೊಂಡು.

ಅದಕ್ಕೆ ಬೇಕಾದದ್ದು ಮಟ್ಟವಾದ ನೆಲ. ಕಳಸದಲ್ಲಿ ಅದೇ ಇಲ್ಲ. ಮನೆ ಇಳಿಜಾರಿನಲ್ಲಿ, ಶೆಡ್ಡು ಇಳಿಜಾರಿನಲ್ಲಿ, ಪೇಟೆಯ ರಸ್ತೆಯೂ ಏರು ಇಳಿವು. ನಮ್ಮ ಕಡೆ ನಿಜವಾಗಿ ಮಟ್ಟ ಇದ್ದದ್ದು ಗದ್ದೆ, ನೀರು ನಿಲ್ಲಿಸಿ ಮಟ್ಟ ಮಾಡಿದ್ದು. ಅದರಲ್ಲೂ ಬಹುಪಾಲು ಈಗ ಅಡಿಕೆ ನಿಂತಿದೆ. ಉಳಿದದ್ದು ಕಾಫಿ ಕಣ. ಜೀಪನ್ನು ಅಲ್ಲಿ ನಿಲ್ಲಿಸಿ ಮೇಸ್ತ್ರಿಯನ್ನು ಕರೆದೆ. ಅವರು ರಸಮಟ್ಟ ಹಿಡಿಯುವ ಮೊದಲೇ ತಲೆಯಾಡಿಸಿದರು.

"ಕಣ ಮಟ್ಟ ಇಲ್ಲ ಸಾರ್. ಮಳೆ ನೀರು ಹೋಗ್ಲಿ ಅಂತ ನಾನೇ ವಾಟ ಕೊಟ್ಟಿದ್ದು."

ನೀರು ತುಂಬಿದ ಪೈಪು ಹಿಡಿದು ನಾಲ್ಕೂ ಚಕ್ರದ ಹತ್ತಿರ ನೋಡಿದೆವು. ಮುಂದಿನ ಚಕ್ರದಿಂದ ಹಿಂದಿನದಕ್ಕೆ ಒಂದೂವರೆ ಇಂಚು ಇಳಿಜಾರು. ಕಡಿಮೆ ಅನ್ನಿಸಬಹುದು. ಚಕ್ರದಿಂದ ಚಕ್ರಕ್ಕೆ ಈ ಜೀಪು 80 ಇಂಚು. ಕಡ್ಡಿ ಇಳಿಯುವ ಜಾಗ ಸಂಪಿನ ನಡುವಿನಿಂದ ಹತ್ತು ಇಂಚು ಆಚೆಗಿದ್ದರೆ, ಎಣ್ಣೆಯ ಗೆರೆ ಹತ್ತಿರಹತ್ತಿರ 5 ಮಿಲಿಮೀಟರ್ ಸುಳ್ಳು ಹೇಳುತ್ತದೆ. ತಗ್ಗಿದ ಚಕ್ರಗಳ ಕೆಳಗೆ ಹಲಗೆ ಕೊಟ್ಟು ಎತ್ತಿದೆವು. ಮತ್ತೆ ಪೈಪು, ಮತ್ತೆ ಹಲಗೆ. ಮುಕ್ಕಾಲು ಗಂಟೆ ಹಿಡಿಯಿತು. ಈ ಇಡೀ ಕೆಲಸದಲ್ಲಿ ಅವಸರ ಮಾಡಬಾರದ ಜಾಗ ಇದೊಂದೇ.

ಸಂಜೆ ಎಂಜಿನ್ ಬಿಸಿ ಮಾಡಿ ಡ್ರೈನ್ ಬೋಲ್ಟು ಬಿಚ್ಚಿ, ರಾತ್ರಿಯಿಡೀ ತೊಟ್ಟಿಕ್ಕಲು ಬಿಟ್ಟೆ. ಸಂಪಿಗೆ 4 ಅಮೆರಿಕನ್ ಕ್ವಾರ್ಟ್, ಫಿಲ್ಟರೂ ಬದಲಾದರೆ 5. ನಮ್ಮ ಲೆಕ್ಕದಲ್ಲಿ 3.8 ಮತ್ತು 4.7 ಲೀಟರ್. ಬೆಳಿಗ್ಗೆ ಹೊಸ ಫಿಲ್ಟರ್ ಹಾಕಿ ಮೊದಲು 3.7 ಲೀಟರ್ ಮಾತ್ರ ಸುರಿದು, ಪ್ರೆಶರ್ ಮುಳ್ಳು ಏಳುವುದನ್ನು ನೋಡುತ್ತಾ ಐದು ನಿಮಿಷ ಓಡಿಸಿದೆ. ಫಿಲ್ಟರ್ ತನ್ನ ಪಾಲು ಕುಡಿಯಲಿ ಅಂತ. ನಿಲ್ಲಿಸಿ ಇಪ್ಪತ್ತು ನಿಮಿಷ ಕಾದೆ. ಮೇಲೆ ಅಂಟಿದ್ದೆಲ್ಲ ಇಳಿಯಬೇಕಲ್ಲ. ಕಡ್ಡಿ ಒರೆಸಿ, ಅದ್ದಿ, ಮುಚ್ಚಳ ಪೂರಾ ಕೂರಿಸಿ ತೆಗೆದೆ. ಅದು ಕೆಳಗಿನ ಗೆರೆ. ಆಮೇಲೆ ಕಾಲು ಕಾಲು ಲೀಟರಿನಂತೆ ನಾಲ್ಕು ಸಲ ಸುರಿದು, ಪ್ರತಿ ಸಲ ಕಾದು ಗುರುತು ಮಾಡಿದೆ. ಕೊನೆಯದು ಮೇಲಿನ ಗೆರೆ. ನಡುವಿನ ಗುರುತುಗಳ ಅಂತರ ಒಂದೇ ಸಮ ಬರಲಿಲ್ಲ, ಬರುವುದೂ ಇಲ್ಲ. ಸಂಪು ಕೆಳಗೆ ಕಿರಿದು, ಮೇಲೆ ಅಗಲ. ಪೆಟ್ರೋಲ್ ಬಂಕಿನವರು ನೆಲದೊಳಗಿನ ಟ್ಯಾಂಕಿಗೆ ಕೋಲು ಇಳಿಸಿ ಚಾರ್ಟು ನೋಡುವುದು ಇದಕ್ಕೇ: ಮಲಗಿದ ಉರುಳೆಯಲ್ಲಿ ತಳದ ಒಂದು ಸೆಂಟಿಮೀಟರಿಗೂ ಹೊಟ್ಟೆಯ ಒಂದು ಸೆಂಟಿಮೀಟರಿಗೂ ಒಂದೇ ಲೆಕ್ಕ ಇಲ್ಲ.

ಗೆರೆ ಕೊರೆಯಲು ಮುಕ್ಕೋನದ ಅರ ಸಾಕು, ಚರ್ಮ ಗೀರಿದಷ್ಟೇ ಆಳ. ಆಳವಾಗಿ ಕಚ್ಚು ಹಾಕಿದರೆ ಮುಂದೊಂದು ದಿನ ಕಡ್ಡಿ ಅಲ್ಲೇ ಮುರಿದು ಸಂಪಿನೊಳಗೆ ಬೀಳುತ್ತದೆ. ತುದಿಯ ಎರಡಿಂಚನ್ನು ಉಪ್ಪುಕಾಗದದಿಂದ ಮಾಸಲು ಮಾಡಿಕೊಳ್ಳಿ. ಹೊಳೆಯುವ ಕಡ್ಡಿಯ ಮೇಲೆ ಹೊಸ ಎಣ್ಣೆ ಕಣ್ಣಿಗೆ ಸಿಗುವುದೇ ಇಲ್ಲ. ನೋಡುವ ಹೊತ್ತೂ ಒಂದೇ ಇರಲಿ. ಎಣ್ಣೆ 60 ಡಿಗ್ರಿ ಹೆಚ್ಚು ಬಿಸಿಯಾದರೆ ನಾಲ್ಕು ಲೀಟರಿಗೆ 150 ಮಿಲಿಲೀಟರಿನಷ್ಟು ಹಿಗ್ಗುತ್ತದೆ. ನಾನು ಬೆಳಿಗ್ಗೆ, ಎಂಜಿನ್ ಮುಟ್ಟುವ ಮೊದಲು ನೋಡುವವನು. ತಣ್ಣಗಿನ ಗೆರೆ ಬೇಕಿದ್ದರಿಂದ ಮಾರನೆಯ ಬೆಳಿಗ್ಗೆ ಮತ್ತೆ ಅದ್ದಿ ಎರಡೂ ಕೊನೆಯ ಗುರುತುಗಳನ್ನು ಕೂದಲೆಳೆಯಷ್ಟು ಕೆಳಗಿಳಿಸಿದೆ.

ಕಾಫಿ ಸೀಮೆಯವರಿಗೆ ಇನ್ನೊಂದು ಮಾತು. ಆಷಾಢದಲ್ಲಿ ಪೇಟೆಗೆ ಹೋಗಿ ಬರುವಷ್ಟೇ ಓಡುವ ಗಾಡಿಯ ಮುಚ್ಚಳದ ಅಡಿಯಲ್ಲಿ ಕೆನೆಯಂಥದ್ದು ಕೂರುತ್ತದೆ. ಎಂಜಿನ್ ಪೂರಾ ಬಿಸಿಯಾಗದೆ ಉಳಿದ ತೇವ ಅದು. ಒಂದು ಸಲ ಕೊಟ್ಟಿಗೆಹಾರದವರೆಗೆ ಹೋಗಿ ಬಂದರೆ ಹೋಗುತ್ತದೆ. ಆದರೆ ಕಡ್ಡಿಯ ತುದಿಯ ಎಣ್ಣೆಯೇ ಹಾಲು ಬೆರೆಸಿದ ಕಾಫಿಯಂತಾಗಿ, ಮಟ್ಟವೂ ತಾನಾಗಿ ಏರಿದ್ದರೆ ಗಾಡಿ ಹೊರಡಿಸಬೇಡಿ. ರೇಡಿಯೇಟರಿನ ನೀರು ಒಳಗೆ ಬಂದಿದೆ.

ಹಲಗೆ ತೆಗೆದು ಜೀಪನ್ನು ಶೆಡ್ಡಿಗೆ ತಂದ ಮೇಲೆ ಒಂದು ಕೆಲಸ ಉಳಿದಿತ್ತು. ದಿನಾ ಎಣ್ಣೆ ನೋಡುವುದು ಶೆಡ್ಡಿನಲ್ಲಿ, ಕಣದಲ್ಲಲ್ಲ. ಎಣ್ಣೆ ಸರಿಯಾಗಿ 4.7 ಲೀಟರ್ ಇದೆ ಅಂತ ಗೊತ್ತಿರುವಾಗಲೇ ಆ ಇಳಿಜಾರಿನಲ್ಲಿ ಒಂದು ರಾತ್ರಿ ನಿಲ್ಲಿಸಿ, ಬೆಳಿಗ್ಗೆ ಅದ್ದಿ, ಕಡ್ಡಿಯ ಬೆನ್ನಿಗೆ ಮೂರನೆಯ ಗೆರೆ ಎಳೆದೆ. ನೆಲದ ಮೇಲೆ ಚಕ್ರ ನಿಂತ ಜಾಗಕ್ಕೂ ಬಣ್ಣದ ಗುರುತು ಹಾಕಿದೆ. ದಿನದ ಮಳೆಯನ್ನು ಇಂಚಿನಲ್ಲಿ ಬರೆದಿಡುವ ಪುಸ್ತಕದ ಹಿಂದಿನ ಹಾಳೆಯಲ್ಲಿ ಮೂರೂ ಗೆರೆಗಳ ಅಳತೆ ಬರೆದಿದ್ದೇನೆ, ಮುಚ್ಚಳದ ಅಂಚಿನಿಂದ, ವಾಷರ್‌ನ ದಪ್ಪ ಸಮೇತ.