ಗಾಜೋ ಅಕ್ರಿಲಿಕ್ಕೋ: ಉಜ್ಜುವ ಕೈಯನ್ನು ಕೇಳಿ

ಮೀನಿನ ತೊಟ್ಟಿ ಕೊಳ್ಳಲು ಹೋದವರು ಮೊದಲು ಮೀನು ನೋಡುತ್ತಾರೆ, ಆಮೇಲೆ ಬೆಲೆ ಕೇಳುತ್ತಾರೆ. ಗೋಡೆಯ ಮಾತು ಬರುವುದು ಕೊನೆಗೆ, ಅದೂ ಅಂಗಡಿಯವರು ‘ಗಾಜಿಂದು ಕೊಡ್ಲಾ, ಅಕ್ರಿಲಿಕ್‌ದು ಕೊಡ್ಲಾ’ ಎಂದು ಕೇಳಿದಾಗ. ಆದರೆ ಮುಂದೆ ವರ್ಷಗಟ್ಟಲೆ ನಾವು ಮೀನನ್ನು ನೋಡುವುದು ಆ ಗೋಡೆಯ ಮೂಲಕ, ವಾರವಾರವೂ ಉಜ್ಜುವುದು ಅದೇ ಗೋಡೆಯನ್ನು. ಮೊದಲು ತೀರ್ಮಾನವಾಗಬೇಕಾದದ್ದು ಅದೇ.

ನೋಟದಲ್ಲಿ ಅಕ್ರಿಲಿಕ್ ಮೇಲು, ಅದರಲ್ಲಿ ತಕರಾರಿಲ್ಲ. ಸಾಮಾನ್ಯ ಗಾಜಿನ ಹಾಳೆಯನ್ನು ಅಂಚಿನ ಕಡೆಯಿಂದ ನೋಡಿ, ಹಸಿರಾಗಿ ಕಾಣುತ್ತದೆ. ಗಾಜಿನೊಳಗಿರುವ ಕಬ್ಬಿಣದ ಅಂಶದ ಬಣ್ಣ ಅದು. 5 ಮಿ.ಮೀ. ದಪ್ಪದಲ್ಲಿ ಅದು ಲೆಕ್ಕಕ್ಕಿಲ್ಲ. 12 ಮಿ.ಮೀ.ಗೆ ಹೋದರೆ ಬಿಳಿ ಏಂಜೆಲ್ ಮೀನಿನ ಮೈಮೇಲೂ ಆ ಛಾಯೆ ಕಾಣತೊಡಗುತ್ತದೆ. ಕಬ್ಬಿಣ ಕಡಿಮೆ ಇರುವ ಗಾಜು ಸಿಗುತ್ತದೆ, ಬೆಲೆ ಜಾಸ್ತಿ. ಅಕ್ರಿಲಿಕ್ ಮಾತ್ರ ಎಷ್ಟು ದಪ್ಪವಾದರೂ ತಿಳಿಯೇ. ಜಪಾನಿನ ಒಕಿನಾವಾದಲ್ಲಿ 2002ರಲ್ಲಿ ತೆರೆದ ಚುರಾಉಮಿ ಅಕ್ವೇರಿಯಂನಲ್ಲಿ ತಿಮಿಂಗಿಲ ಶಾರ್ಕ್‌ಗಳು ಈಜುವ ತೊಟ್ಟಿಯ ಕಿಟಕಿ 22.5 ಮೀಟರ್ ಅಗಲ, 8.2 ಮೀಟರ್ ಎತ್ತರ, 60 ಸೆಂ.ಮೀ. ದಪ್ಪ. ಹಾಳೆ ಹಾಳೆಗಳನ್ನು ಬೆಸೆದು ಒಂದೇ ಪಾರದರ್ಶಕ ಗೋಡೆ ಮಾಡುವುದು ಅಕ್ರಿಲಿಕ್‌ನಿಂದ ಸಾಧ್ಯವಾಯಿತು. ಅಷ್ಟು ದಪ್ಪದ ಮಾಮೂಲಿ ಗಾಜಿನಾಚೆ ಏನು ಕಂಡೀತು?

ಹಾಗೆಂದು ಅಕ್ರಿಲಿಕ್ ಒಡೆಯುವುದೇ ಇಲ್ಲ ಎನ್ನುವ ಮಾತನ್ನು ನಂಬಬೇಡಿ. ಬರ್ಲಿನ್ನಿನ ಹೋಟೆಲೊಂದರ ಮಧ್ಯೆ ನಿಂತಿದ್ದ ‘ಆಕ್ವಾಡೋಮ್’ ಎಂಬ ಅಕ್ರಿಲಿಕ್ ಕೊಳವೆ 2022ರ ಡಿಸೆಂಬರ್ 16ರ ಬೆಳಗಿನ ಜಾವ ಸಿಡಿದು, 10 ಲಕ್ಷ ಲೀಟರ್ ನೀರು ಬೀದಿಗೆ ಹರಿಯಿತು. ಅದರಲ್ಲಿದ್ದ ಸುಮಾರು 1,500 ಮೀನುಗಳಲ್ಲಿ ಬಹುತೇಕ ಎಲ್ಲವೂ ಸತ್ತವು. ಪರಿಣತರು ತಿಂಗಳುಗಟ್ಟಲೆ ಪರೀಕ್ಷಿಸಿದರೂ ಇದೇ ಕಾರಣವೆಂದು ಖಚಿತವಾಗಿ ಹೇಳಲಾಗಲಿಲ್ಲ.

ಇನ್ನು ಮನೆಯ ಅಳತೆಗೆ ಬರೋಣ. ಅಕ್ರಿಲಿಕ್ ಹಗುರ ಎನ್ನುವುದು ಅಂಗಡಿಯ ದೊಡ್ಡ ವಾದ. ಮೂರಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ತೊಟ್ಟಿಯನ್ನೇ ತೆಗೆದುಕೊಳ್ಳಿ. 8 ಮಿ.ಮೀ. ಗಾಜಿನಲ್ಲಿ ಕಟ್ಟಿದರೆ ಬರೀ ತೊಟ್ಟಿ ಸುಮಾರು 33 ಕೆ.ಜಿ., ಅಷ್ಟೇ ದಪ್ಪದ ಅಕ್ರಿಲಿಕ್ಕಾದರೆ ಸುಮಾರು 16. ಒಳಗೆ ಹಿಡಿಯುವ ನೀರು 190 ಲೀಟರ್, ಅಂದರೆ 190 ಕೆ.ಜಿ. ಉಳಿತಾಯವಾದ ಆ 17 ಕೆ.ಜಿ. ಮೆಟ್ಟಿಲು ಹತ್ತಿಸುವ ದಿನ ಮಾತ್ರ ಉಪಯೋಗಕ್ಕೆ ಬರುತ್ತದೆ. ಮೇಜು ಹೊರಬೇಕಾದ ಭಾರದಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ.

ಅಕ್ರಿಲಿಕ್ಕಿನ ನಿಜವಾದ ತೊಡಕು ಬೇರೆ. ನೀರಿನ ಒತ್ತಡಕ್ಕೆ ಅದು ಹೊಟ್ಟೆ ಬಿಟ್ಟುಕೊಳ್ಳುತ್ತದೆ. ಹಾಗಾಗದಿರಲೆಂದು ದೊಡ್ಡ ತೊಟ್ಟಿಗಳ ಬಾಯಿಗೆ ಅಗಲವಾದ ಪಟ್ಟಿ ಕೂರಿಸಿ, ಕೈ ಹಾಕಲು ಕಂಡಿ ಬಿಟ್ಟಿರುತ್ತಾರೆ. ಆ ಕಂಡಿಯೊಳಗಿಂದ ಮೂಲೆಯ ಪಾಚಿ ಕೀಳುವುದೇ ಒಂದು ಸಾಹಸ. ಕಿತ್ತರೂ ಯಾವುದರಿಂದ ಕೀಳಬೇಕು? ಬ್ಲೇಡ್ ತಾಗಿಸುವಂತಿಲ್ಲ. ಬಟ್ಟೆಗೆ ಒಂದು ಮರಳಿನ ಕಣ ಹತ್ತಿದ್ದರೂ ಉದ್ದಕ್ಕೆ ಗೀರು ಬೀಳುತ್ತದೆ, ಆ ಗೀರಿನಲ್ಲೇ ಪಾಚಿ ಬೇರು ಬಿಡುತ್ತದೆ. ನುಣುಪಾದ ಮರಳು ಕಾಗದದಿಂದ ಉಜ್ಜಿ ಪಾಲಿಶ್ ಮಾಡಿದರೆ ಗೀರು ಹೋಗುತ್ತದೆ, ನಿಜ. ಗಾಜಿನ ಆಳದ ಗೀರು ಹಾಗೆ ಸುಲಭಕ್ಕೆ ಹೋಗುವುದಿಲ್ಲ. ಆದರೆ ಗಾಜಿಗೆ ಗೀರು ಬೀಳುವುದೇ ಅಪರೂಪವಲ್ಲವೇ?

ನಮ್ಮ ಕಡೆಯ ನೀರನ್ನೂ ಲೆಕ್ಕಕ್ಕೆ ಹಿಡಿಯಬೇಕು. ಕೋಲಾರ, ತುಮಕೂರು, ಬೆಂಗಳೂರಿನ ಹೊರವಲಯದ ಎಷ್ಟೋ ಮನೆಗಳಲ್ಲಿ ಬೋರ್‌ವೆಲ್ ನೀರೇ ಗತಿ, ಅದು ಗಡಸು. ನೀರು ಆವಿಯಾದಂತೆಲ್ಲ ಮೇಲಂಚಿನಲ್ಲಿ ಸುಣ್ಣದಂಥ ಬಿಳಿ ಗೆರೆ ಕಟ್ಟುತ್ತದೆ. ಗಾಜಾದರೆ ನೀರನ್ನು ನಾಲ್ಕು ಬೆರಳು ಇಳಿಸಿ, ವಿನೆಗರ್ ಅದ್ದಿದ ಬಟ್ಟೆಯನ್ನು ಹತ್ತು ನಿಮಿಷ ಆನಿಸಿಟ್ಟು, ಬ್ಲೇಡ್ ಎಳೆದರೆ ಗೆರೆ ಏಳುತ್ತದೆ. ಅಕ್ರಿಲಿಕ್ ಮೇಲೆ ಅದನ್ನೇ ಮೆತ್ತಗೆ, ಮತ್ತೆ ಮತ್ತೆ ಮಾಡುತ್ತ ಕೂರಬೇಕು. ಮನೆಗೆ ನಾನು ಗಾಜನ್ನೇ ಹೇಳುವುದು ಇದಕ್ಕೆ. ಚೆಂಡಾಡುವ ಮಕ್ಕಳಿರುವ ಮನೆ, ಶಾಲೆಯ ಪಡಸಾಲೆ ಇವಾದರೆ ಮಾತು ಬೇರೆ. ಅಲ್ಲಿ ಪೆಟ್ಟು ತಡೆಯುವ ಅಕ್ರಿಲಿಕ್ ಇರಲಿ.

ಗಾಜಿನ ತೊಟ್ಟಿ ಕಟ್ಟಿಸುವವರು ಸಿಲಿಕೋನ್ ಯಾವುದೆಂದು ಕೇಳಿ. ಬಚ್ಚಲುಮನೆಗೆಂದು ಬರುವ, ಬೂಷ್ಟು ನಿರೋಧಕ ಬೆರೆಸಿದ ಸಿಲಿಕೋನ್ ಮೀನಿಗೆ ವಿಷ. ಹೊಸ ಅಂಟಿನ ಹುಳಿ ವಾಸನೆ ಪೂರ್ತಿ ಹೋಗುವವರೆಗೆ ಮೀನು ಬಿಡಬೇಡಿ.

ಉಜ್ಜುವುದರಲ್ಲೂ ಒಂದು ಕ್ರಮವಿದೆ. ನೀರು ಬದಲಿಸುವ ಮೊದಲು ಉಜ್ಜಿ. ಎದ್ದ ಪಾಚಿ ಸೈಫನ್ ಕೊಳವೆಯಲ್ಲಿ ಹೊರಗೆ ಹೋಗುತ್ತದೆ. ಅಯಸ್ಕಾಂತದ ಉಜ್ಜುಗವನ್ನು ಮರಳಿನಿಂದ ಎರಡಂಗುಲ ಮೇಲೇ ನಿಲ್ಲಿಸಿ. ನಡುವೆ ಕಣ ಸಿಕ್ಕಿಕೊಂಡರೆ ಗಾಜೂ ಗೀರುತ್ತದೆ. ಬ್ಲೇಡ್ ಮೂಲೆಯ ಸಿಲಿಕೋನ್‌ಗೆ ತಾಗಬಾರದು. ಹಿಂಬದಿಯ ಪಾಚಿಯನ್ನು ನಾನಂತೂ ಮುಟ್ಟುವುದಿಲ್ಲ. ಅದು ನೀರಿನ ನೈಟ್ರೇಟ್ ಹೀರುತ್ತದೆ, ಮೀನುಗಳೂ ಮೇಯುತ್ತವೆ. ಸೋಪು ಒಳಗೂ ಬೇಡ, ಬಕೆಟ್ಟಿಗೂ ಬೇಡ. ಹೊರಮೈಗೆ ಗಾಜು ಒರೆಸುವ ದ್ರಾವಣವನ್ನು ಬಟ್ಟೆಗೆ ಹಾಕಿಕೊಳ್ಳಿ, ತೊಟ್ಟಿಯ ಕಡೆ ಸಿಂಪಡಿಸಬೇಡಿ. ಅದರ ಅಮೋನಿಯ ಮೀನಿಗೆ ಕೇಡು. ಅಕ್ರಿಲಿಕ್ ಮೇಲಂತೂ ಅಮೋನಿಯ, ಸ್ಪಿರಿಟ್ ಎರಡೂ ಕೂಡದು, ಮೈತುಂಬ ಕೂದಲೆಳೆಯ ಬಿರುಕು ಮೂಡುತ್ತದೆ.

‘ಸಕ್ಕರ್ ಮೀನು ಹಾಕಿ, ಅದೇ ಕ್ಲೀನ್ ಮಾಡುತ್ತೆ’ ಎಂದು ಮಾರುತ್ತಾರಲ್ಲ, ಅದು ಅಡಿಗಿಂತ ಉದ್ದ ಬೆಳೆಯುವ ಮೀನು. ಪಾಚಿ ತಿಂದದ್ದಕ್ಕಿಂತ ಹೆಚ್ಚು ಹೊಲಸು ಮಾಡುತ್ತದೆ. ಬೆಳೆದ ಮೇಲೆ ಜನ ಅದನ್ನು ಕೆರೆಗೆ ಬಿಡುತ್ತಾರೆ, ದಕ್ಷಿಣ ಅಮೆರಿಕದ ಆ ಮೀನು ನಮ್ಮ ಕೆರೆಗಳಲ್ಲಿ ನೆಲೆಯೂರಿ ಊರ ಮೀನಿನ ಜಾಗ ಹಿಡಿಯುತ್ತದೆ. ನೋಡಿದಾಗಲೆಲ್ಲ ಸಂಕಟವಾಗುತ್ತದೆ. ಪಾಚಿ ಮಿತಿಮೀರಿದ್ದರೆ ದೀಪವನ್ನು ದಿನಕ್ಕೆ ಆರೇಳು ಗಂಟೆಗೆ ಇಳಿಸಿ, ತೊಟ್ಟಿಯನ್ನು ಬಿಸಿಲು ಬೀಳುವ ಕಿಟಕಿಯಿಂದ ಸರಿಸಿ, ಮೇವು ಕಡಿಮೆ ಮಾಡಿ.

ಫಿಲ್ಟರಿನ ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿಯಬೇಡಿ. ಮೀನಿನ ಅಮೋನಿಯವನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಅದರಲ್ಲಿವೆ, ಕ್ಲೋರಿನ್ ತಾಗಿದರೆ ಸಾಯುತ್ತವೆ. ತೊಟ್ಟಿಯಿಂದ ತೆಗೆದ ನೀರಿನಲ್ಲೇ ಅದನ್ನು ಎರಡು ಸಲ ಹಿಂಡಿದರೆ ಸಾಕು. ಆ ನೀರು ಆಮೇಲೆ ಕರಿಬೇವಿನ ಬುಡಕ್ಕೆ.