ಒಣಗಾಳಿಯೂ ಹಾವಿನ ಕಣ್ಣೂ

ಫೆಬ್ರುವರಿ ಕಳೆಯುತ್ತಿದ್ದಂತೆ ವಿಜಯಪುರ ಜಿಲ್ಲೆಯ ತಿಕೋಟಾ, ಬಬಲೇಶ್ವರದ ತೋಟಗಳಲ್ಲಿ ಕೊಯ್ದ ದ್ರಾಕ್ಷಿ ಶೆಡ್ಡುಗಳ ಬಲೆಯ ಮೇಲೆ ಹರಡಿಕೊಳ್ಳುತ್ತದೆ. ನೇರ ಬಿಸಿಲು ಬೇಕಿಲ್ಲ. ನೆರಳಿನಲ್ಲಿ ಆಡುವ ಗಾಳಿಯೇ ಎರಡು-ಮೂರು ವಾರದಲ್ಲಿ ಹಣ್ಣಿನ ನೀರು ಹೀರಿ ಒಣದ್ರಾಕ್ಷಿ ಮಾಡಿಕೊಡುತ್ತದೆ. ಮಾರ್ಚ್-ಏಪ್ರಿಲ್ ಮಧ್ಯಾಹ್ನ ಇಲ್ಲಿನ ಗಾಳಿಯ ತೇವ ಶೇ 30ಕ್ಕೂ ಕೆಳಗಿಳಿಯುವುದು ದ್ರಾಕ್ಷಿ ಬೆಳೆಗಾರನಿಗೆ ಬೇಕಾದದ್ದೇ. ಆದರೆ ವಿಜಯಪುರ ಶಹರದ ಮನೆಯೊಳಗೆ ಗಾಜಿನ ಪೆಟ್ಟಿಗೆಯಲ್ಲಿರುವ ಬಾಲ್ ಪೈಥಾನ್ ಹಾವಿಗೆ ಆ ಗಾಳಿ ಆಗಿಬರುವುದಿಲ್ಲ. ಹಾವು ಸಾಕುವವರು ಕಣ್ಣಿನ ರೋಗ ಎಂದು ಗಾಬರಿಪಡುವುದರಲ್ಲಿ ಬಹುಪಾಲು ಕಣ್ಣಿನದಲ್ಲ, ಪೆಟ್ಟಿಗೆಯ ಗಾಳಿಯದು ಎಂಬುದು ಈ ವಾರದ ನನ್ನ ವಾದ. ಕಣ್ಣಿಗಂಟಿದ ಪೊರೆ ಕೀಳಲು ಚಿಮಟಕ್ಕೆ ಕೈಹಾಕುವ ಮೊದಲು ತೇವಮಾಪಕದ ಕಡೆ ನೋಡಬೇಕು.

ಕಾಯ್ದೆಯ ಮಾತನ್ನು ಮೊದಲೇ ಮುಗಿಸಿಬಿಡುತ್ತೇನೆ. ನಾಗರ, ಕೇರೆ, ಮಣ್ಣುಮುಕ್ಕ, ಹೀಗೆ ನಮ್ಮ ನೆಲದ ಹಾವುಗಳನ್ನು ಹಿಡಿದು ಮನೆಯಲ್ಲಿ ಸಾಕಲು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಿಡುವುದಿಲ್ಲ. ಪಾಪದ ಮಣ್ಣುಮುಕ್ಕನನ್ನು ‘ಎರಡು ತಲೆ ಹಾವು’ ಎಂದು ಲಕ್ಷಗಟ್ಟಲೆ ಬೆಲೆಗೆ ಮಾರಹೊರಟು ಸಿಕ್ಕಿಬೀಳುವವರು ಇನ್ನೂ ಇದ್ದಾರೆ. ಅವರಿಗೆ ಈ ಅಂಕಣದಿಂದ ಉಪಯೋಗವಿಲ್ಲ. ಇಲ್ಲಿ ಹೇಳುತ್ತಿರುವುದು ಹೊರದೇಶದ ಹಾವುಗಳ ವಿಷಯ: ಆಫ್ರಿಕಾದ ಬಾಲ್ ಪೈಥಾನ್, ಅಮೆರಿಕದ ಕಾರ್ನ್ ಸ್ನೇಕ್. ಬಾಲ್ ಪೈಥಾನ್ ವನ್ಯಜೀವಿ ವ್ಯಾಪಾರದ ಮೇಲಿನ ಅಂತರರಾಷ್ಟ್ರೀಯ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿರುವುದರಿಂದ 2024ರ ನಿಯಮಗಳಂತೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲಿನಲ್ಲಿ ನೋಂದಣಿ ಆಗಲೇಬೇಕು.

ಹಾವಿಗೆ ರೆಪ್ಪೆಯಿಲ್ಲ. ಭ್ರೂಣದಲ್ಲಿರುವಾಗಲೇ ರೆಪ್ಪೆಯ ಚರ್ಮ ಕೂಡಿಕೊಂಡು ಪಾರದರ್ಶಕ ಚಿಪ್ಪಾಗಿ ಕಣ್ಣನ್ನು ಮುಚ್ಚಿರುತ್ತದೆ. ಚಿಪ್ಪಿಗೂ ಕಣ್ಣುಗುಡ್ಡೆಗೂ ನಡುವಿನ ಸಂದಿಯಲ್ಲಿ ಕಣ್ಣೀರು ತುಂಬಿದ್ದು, ಅದು ಸಣ್ಣ ನಾಳದ ಮೂಲಕ ಬಾಯಿಯ ಅಂಗಳಕ್ಕೆ ಇಳಿಯುತ್ತದೆ. ಈ ಚಿಪ್ಪೂ ಚರ್ಮವೇ ಆದ್ದರಿಂದ ಪೊರೆ ಬಿಡುವಾಗ ಅದರ ಮೇಲ್ಪದರವೂ ಕಳಚಬೇಕು. ಹೊಸ ಪದರ ಸಿದ್ಧವಾದಾಗ ಹಳೆಯದಕ್ಕೂ ಅದಕ್ಕೂ ನಡುವೆ ದ್ರವ ಸೇರುತ್ತದೆ. ಮೈ ಮಂಕಾಗಿ ಕಣ್ಣು ನೀಲಿಬೂದು ಬಣ್ಣಕ್ಕೆ ತಿರುಗುತ್ತದೆ. ಇದು ಮುದಿ ಎತ್ತಿನ ಕಣ್ಣಿಗೆ ಬರುವ ಪೊರೆಯಂಥದ್ದಲ್ಲ. ಕೆಲವು ದಿನಗಳಲ್ಲಿ ಕಣ್ಣು ತಾನಾಗಿ ತಿಳಿಯಾಗಿ, ಮತ್ತೆ ಮೂರ್ನಾಲ್ಕು ದಿನಕ್ಕೆ ಹಾವು ಮೂತಿ ಉಜ್ಜಿ ತುಟಿಯಿಂದ ಪೊರೆ ಬಿಡಿಸಲು ಶುರುಮಾಡುತ್ತದೆ. ಈ ಅವಧಿಯಲ್ಲಿ ಅದು ಇಲಿ ಮುಟ್ಟದಿದ್ದರೆ, ಕೈ ಹತ್ತಿರ ಹೋದರೆ ಬುಸುಗುಟ್ಟಿದರೆ ಕಾಯಿಲೆಯೆಂದು ತಿಳಿಯಬಾರದು. ಅದಕ್ಕೆ ಕಣ್ಣು ಸರಿಯಾಗಿ ಕಾಣುತ್ತಿಲ್ಲ, ಅಷ್ಟೇ.

ತೇವ ಸಾಲದಿದ್ದಾಗ ಆ ನಡುವಿನ ದ್ರವ ಬೇಗ ಆರಿ, ಹಳೆಯ ಪದರ ಹೊಸದಕ್ಕೆ ಅಂಟುತ್ತದೆ. ಆಗ ಪೊರೆ ಇಡಿಯಾಗಿ ಬರದೆ ತುಂಡುತುಂಡಾಗಿ ಬರುತ್ತದೆ; ಬಾಲದ ತುದಿಯಲ್ಲಿ ಬಳೆಯಾಗಿ ಉಳಿಯುತ್ತದೆ, ಕಣ್ಣಿನ ಮೇಲೂ ಉಳಿಯುತ್ತದೆ. ಪತ್ತೆಗೆ ಹಾವನ್ನು ಹಿಡಿದು ಹಿಂಸಿಸಬೇಕಾಗಿಲ್ಲ, ಪೊರೆಯನ್ನು ನೋಡಿದರೆ ಸಾಕು. ಅದನ್ನು ನೀರಲ್ಲಿ ನೆನೆಸಿ, ತಲೆಯ ಭಾಗವನ್ನು ಕಪ್ಪು ಬಟ್ಟೆಯ ಮೇಲೆ ಬಿಡಿಸಿ ಟಾರ್ಚ್ ಹಿಡಿಯಿರಿ. ಎರಡೂ ಕಡೆ ಉಬ್ಬಿದ ಸಣ್ಣ ಬಿಲ್ಲೆ ಮಿಂಚಿದರೆ ಎಲ್ಲ ಸರಿಯಾಗಿದೆ. ಬಿಲ್ಲೆಯ ಜಾಗದಲ್ಲಿ ದುಂಡಗಿನ ತೂತಿದ್ದರೆ, ಹಾವಿನ ಕಣ್ಣು ಮಂಕಾಗಿ ಸುಕ್ಕುಗಟ್ಟಿ ಅಂಚಿನಲ್ಲಿ ಚರ್ಮ ಎದ್ದಿದ್ದರೆ, ಪದರ ಉಳಿದಿದೆ ಎಂದೇ ತಿಳಿಯಬೇಕು. ಕಣ್ಣಿನ ಮೇಲೆ ಬರೀ ತಗ್ಗು ಕಂಡರೆ ಅದು ನೀರು ಸಾಲದೆ ಬಂದದ್ದೂ ಇರಬಹುದು. (ಪೊರೆಯ ಉದ್ದವನ್ನು ಹಾವಿನ ಉದ್ದವೆಂದು ಬೀಗುವವರಿದ್ದಾರೆ. ಕಳಚುವಾಗ ಪೊರೆ ಹಿಗ್ಗುತ್ತದೆ, ಆ ಅಳತೆ ನಂಬಬೇಡಿ.)

ಇದಕ್ಕೆ ಎದುರಾಡುವವರ ಪ್ರಶ್ನೆ ನ್ಯಾಯವಾದದ್ದೇ. ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸು ಮಳೆ, ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲು. ಇಂಥ ಸೀಮೆಯಲ್ಲಿ ನಾಗರಹಾವು ಯಾರ ನೆರವೂ ಇಲ್ಲದೆ ಪೊರೆ ಬಿಡುತ್ತದಲ್ಲ, ಒಣಗಾಳಿಯದೇ ತಪ್ಪು ಹೇಗೆ? ಹವಾಮಾನ ಇಲಾಖೆ ಅಳೆಯುವ ಗಾಳಿಯಲ್ಲಿ ಹಾವು ಬದುಕುವುದಿಲ್ಲ ಎಂಬುದೇ ಇದಕ್ಕೆ ಉತ್ತರ. ಎರೆಹೊಲದ ಆಳವಾದ ಬಿರುಕು, ಇಲಿಯ ಬಿಲ, ಹುತ್ತ, ಹಳೆಯ ಕೋಟೆಗೋಡೆಯ ಸಂದು, ಬಾವಡಿಯ ಕಲ್ಲಿನ ತಳ, ಇವುಗಳೊಳಗಿನ ಗಾಳಿ ಹೊರಗಿನದಕ್ಕಿಂತ ತಂಪು, ತೇವ. ಒಣಗಿದರೆ ಹಾವು ಒಂದು ಬಿಲದಿಂದ ಇನ್ನೊಂದಕ್ಕೆ ಸರಿಯುತ್ತದೆ, ಬೇಕಾದರೆ ನಿಮ್ಮ ಬಚ್ಚಲಿಗೂ ಬರುತ್ತದೆ. ಪೆಟ್ಟಿಗೆಯ ಹಾವಿಗೆ ಆ ಆಯ್ಕೆ ಇಲ್ಲ. ಮೇಲೆ ಜಾಲರಿ ಮುಚ್ಚಳ, ಬದಿಗೆ ಬಲ್ಬಿನ ಕಾವು.

ಹಾಗಾದರೆ ಪೆಟ್ಟಿಗೆಯನ್ನು ಸದಾ ಒದ್ದೆಯಾಗಿಟ್ಟರಾಯಿತಲ್ಲ ಎಂದರೆ ಅದೂ ಆಗದು. ಒದ್ದೆ ಹಾಸಿನ ಮೇಲೆ ಮಲಗಿದ ಹಾವಿನ ಹೊಟ್ಟೆಯ ಚಿಪ್ಪು ಕೊಳೆಯುತ್ತದೆ, ತಂಪೂ ಸೇರಿಕೊಂಡರೆ ಉಸಿರಾಟದ ಸೋಂಕು ಹತ್ತುತ್ತದೆ. ಬಾಲ್ ಪೈಥಾನಿಗೆ ದಿನನಿತ್ಯ ಶೇ 50ರಿಂದ 60ರಷ್ಟು ತೇವ, ಕಣ್ಣು ನೀಲಿಯಾದಾಗ ಶೇ 70ರ ಹತ್ತಿರ ಇದ್ದರೆ ಸಾಕು. ಹಾಸು ಒಣಗಿರಲಿ, ತೂತು ಮಾಡಿದ ಡಬ್ಬಿಯೊಳಗೆ ಹಿಂಡಿದ ಒದ್ದೆ ಪಾಚಿ ತುಂಬಿಟ್ಟರೆ ಹಾವು ತನಗೆ ಬೇಕಾದಾಗ ಹೊಕ್ಕು ಕೂರುತ್ತದೆ. ಜಾಲರಿಯ ಅರ್ಧಭಾಗ ಮುಚ್ಚುವುದೂ ಒಳ್ಳೆಯದು. ನಮ್ಮೂರಿನ ನೀರಿನ ಕೂಲರ್ ಕೋಣೆಯ ತೇವ ಏರಿಸಿದರೆ ಏಸಿ ಇಳಿಸುತ್ತದೆ. ಏಸಿ ಕೊಂಡ ವರ್ಷವೇ ಪೊರೆಯ ತಕರಾರು ಶುರುವಾದರೆ ಆಶ್ಚರ್ಯಪಡಬೇಕಾಗಿಲ್ಲ. ಪದರ ಉಳಿದೇಬಿಟ್ಟಿದ್ದರೆ 28-30 ಡಿಗ್ರಿಯ ಉಗುರುಬೆಚ್ಚಗಿನ ನೀರನ್ನು ಹೊಟ್ಟೆ ಮುಳುಗುವಷ್ಟು ಮಾತ್ರ ಹಾಕಿ ಅರ್ಧ ಗಂಟೆ ಬಿಟ್ಟು, ಆಮೇಲೆ ಒದ್ದೆ ಟವೆಲಿನ ಮಡಿಕೆಗಳ ನಡುವೆ ಹರಿಯಲು ಬಿಡಿ. ಹಾವು ಉಜ್ಜಿಕೊಳ್ಳುವಾಗ ಬಂದರೆ ಬರಲಿ, ಬಾರದಿದ್ದರೆ ಮುಂದಿನ ಸಲ ಪೊರೆ ಬಿಡುವವರೆಗೆ ಕಾಯಿರಿ. ಔಡಲೆಣ್ಣೆ, ಕೊಬ್ಬರಿ ಎಣ್ಣೆ ಬೇಡ. ಅಂಟಿದ ಪದರಕ್ಕೆ ಬೇಕಾದದ್ದು ನೀರು.

ಅಷ್ಟು ದಿನ ಬಿಟ್ಟರೆ ಕಣ್ಣು ಹೋಗುವುದಿಲ್ಲವೇ? ಒಂದು ಪದರ ಉಳಿದದ್ದರಿಂದ ಸಾಮಾನ್ಯವಾಗಿ ಹೋಗುವುದಿಲ್ಲ. ಉಗುರಿನಿಂದಲೋ ಚಿಮಟದಿಂದಲೋ ಎಳೆದಾಗ ಹೊಸ ಚಿಪ್ಪೇ ಹರಿದುಬಂದರೆ ಮಾತ್ರ ಕಾರ್ನಿಯಾ ಬಯಲಾಗಿ, ಒಣಗಿ, ಕಣ್ಣು ನಿಜಕ್ಕೂ ಹೋಗುತ್ತದೆ. ಎರಡು-ಮೂರು ಪದರ ಒಂದರ ಮೇಲೊಂದು ಸೇರಿದ್ದರೆ ವೈದ್ಯರ ಕೈಗೆ ಕೊಡುವುದೇ ಸರಿ.

ನನ್ನ ವಾದಕ್ಕೂ ಎಲ್ಲೆಯಿದೆ. ತೇವ ಸರಿಯಿದ್ದೂ ಪದರ ಮತ್ತೆಮತ್ತೆ ಉಳಿಯುತ್ತಿದ್ದರೆ ಉಣ್ಣಿಜಾತಿಯ ಸಣ್ಣ ಹುಳುಗಳನ್ನು ಹುಡುಕಬೇಕು. ಅವು ಕಣ್ಣಿನ ಚಿಪ್ಪಿನ ಅಂಚಿಗೆ ಕಚ್ಚಿಕೊಂಡಿರುತ್ತವೆ, ನೀರಿನ ಬಟ್ಟಲಲ್ಲಿ ಕಪ್ಪು ಚುಕ್ಕೆಗಳಾಗಿ ಸತ್ತು ಬಿದ್ದಿರುತ್ತವೆ. ಒಂದೇ ಕಣ್ಣು ಉಬ್ಬಿ ಚಿಪ್ಪಿನ ಹಿಂದೆ ಬಿಳಿ ಅಥವಾ ಹಳದಿ ಕಂಡರೆ ಅದು ಕೀವು. ಸಾಮಾನ್ಯವಾಗಿ ಬಾಯಿಯ ಹುಣ್ಣಿನ ಸೋಂಕು ಆ ಕಣ್ಣೀರಿನ ನಾಳ ಹಿಡಿದು ಮೇಲೇರಿರುತ್ತದೆ. ಇದಕ್ಕೆ ತೇವವೂ ಕಾಯುವಿಕೆಯೂ ನಾಟುವುದಿಲ್ಲ. ಅರಿವಳಿಕೆ ಕೊಟ್ಟು, ಚಿಪ್ಪಿನ ಕೆಳಬದಿಯಲ್ಲಿ ಸಣ್ಣ ತ್ರಿಕೋನ ಕೊಯ್ದು ತೊಳೆಯಬೇಕು, ಬಾಯಿಗೂ ಚಿಕಿತ್ಸೆಯಾಗಬೇಕು. ದನ, ಕುರಿ ನೋಡಿ ಪಳಗಿದ ವೈದ್ಯರಿಗೆ ಹಾವನ್ನು ತೋರಿಸುವಾಗ ಸಾಕಿದವರೇ ಇದನ್ನು ನೆನಪಿಸಿದರೆ ತಪ್ಪೇನಿಲ್ಲ. ಮೆಡಿಕಲ್ ಅಂಗಡಿಯಿಂದ ತಂದ ಮನುಷ್ಯರ ಕಣ್ಣಿನ ಹನಿಯನ್ನು ಎಷ್ಟು ಹಾಕಿದರೂ ಅದು ಒಳಗಿನ ಕೀವಿಗೆ ತಲುಪದೆ ಚಿಪ್ಪಿನ ಮೇಲೆಯೇ ಒಣಗುತ್ತದೆ.