ಸೊಂಟ ಮುರಿದ ಕರೆಂಟ್ ಕಂಬ

ಚನ್ನಪಟ್ಟಣದ ಅಕ್ಕನ ಮನೆಯಲ್ಲಿ ಕೆಳಗೆ ಗೊಂಬೆ ಕಡೆಯುವ ಯಂತ್ರದ ಸದ್ದು, ಮೇಲೆ ಅವಳ ಮಗನ ಕಂಪ್ಯೂಟರ್ ಫ್ಯಾನಿನ ಸದ್ದು. ಹುಡುಗ ಯೂರೋ ಟ್ರಕ್ ಸಿಮ್ಯುಲೇಟರ್ 2 ಆಟಕ್ಕೆ ಯಾರೋ ಮಾಡಿಟ್ಟ ಐರಾವತ ಬಸ್ಸಿನ ಮಾಡ್ ಹಾಕಿಕೊಂಡು ಓಡಿಸುತ್ತಿದ್ದ. ಬಸ್ಸು ಬಲಕ್ಕೆ ಹೊರಳಿದ್ದೇ ತಡ, ರಸ್ತೆ ಬದಿಯ ಕರೆಂಟ್ ಕಂಬ ಸೊಂಟದಲ್ಲಿ ಮುರಿಯಿತು. ಮೇಲಿನ ಅರ್ಧ ಇದ್ದಲ್ಲೇ, ಕೆಳಗಿನ ಅರ್ಧ ಒಂದು ಬೆರಳು ಎಡಕ್ಕೆ.

“ನೋಡಿ ಮಾವ, ಹಿಂಗೇ ಹರ್ದೋಗುತ್ತೆ. ಎಲ್ರೂ ವಿ-ಸಿಂಕ್ ಆನ್ ಮಾಡು ಅಂತಾರೆ. ಮಾಡುದ್ರೆ ಸ್ಟೇರಿಂಗೇ ಮಾತು ಕೇಳಲ್ಲ” ಅಂದ.

ಎಲ್ಲರೂ ಹೇಳುವ ಆ ಮನೆಮದ್ದು ಎಷ್ಟು ಸರಿ?

60 ಹರ್ಟ್ಜ್ ಮಾನಿಟರು ಸೆಕೆಂಡಿಗೆ 60 ಸಲ, ಮೇಲಿಂದ ಕೆಳಕ್ಕೆ ಸಾಲು ಸಾಲಾಗಿ ಚಿತ್ರ ಬರೆಯುತ್ತದೆ. ಒಂದು ಸುತ್ತಿಗೆ ಸುಮಾರು 16.7 ಮಿಲಿಸೆಕೆಂಡು. ಗ್ರಾಫಿಕ್ಸ್ ಕಾರ್ಡಿಗೆ ಈ ಲೆಕ್ಕದ ಹಂಗಿಲ್ಲ. ಮಾನಿಟರು ಅರ್ಧ ಬರೆದಿರುವಾಗಲೇ ಹೊಸ ಚಿತ್ರವನ್ನು ಕೈಗಿಟ್ಟರೆ ಮೇಲೆ ಹಳೆಯದು, ಕೆಳಗೆ ಹೊಸದು. ಕಂಬ ಮುರಿಯುವುದು ಅಲ್ಲೇ.

ರೀಲಿನ ಕಾಲದ ಆಪರೇಟರಿಗೆ ಇದರ ಅಣ್ಣನಂಥ ಕಾಯಿಲೆ ಗೊತ್ತಿತ್ತು. ಪಕ್ಕದ ರಾಮನಗರದ ಬಂಡೆಗಳ ನಡುವೆ 1973ರಲ್ಲಿ ಚಿತ್ರೀಕರಣ ಶುರುವಾಗಿ 1975ರಲ್ಲಿ ತೆರೆಗೆ ಬಂದ ‘ಶೋಲೆ’ಯನ್ನು ಓಡಿಸಿದ ಪ್ರೊಜೆಕ್ಟರಿನಲ್ಲೂ, ಒಂದು ಫ್ರೇಮು ಸರಿದು ಇನ್ನೊಂದು ಬರುವ ಕ್ಷಣದಲ್ಲಿ ಷಟರ್ ಬೆಳಕನ್ನು ಮುಚ್ಚುತ್ತಿತ್ತು. ಆ ತಾಳ ತಪ್ಪಿದರೆ ಟೈಟಲಿನ ಬಿಳಿ ಅಕ್ಷರಗಳಿಗೆ ಬಾಲ ಬೆಳೆಯುತ್ತಿತ್ತು. ವಿ-ಸಿಂಕ್ ಮಾಡುವುದೂ ಆ ಷಟರಿನ ಕೆಲಸವನ್ನೇ: ಒಂದು ಸುತ್ತು ಮುಗಿದು ಇನ್ನೊಂದು ಶುರುವಾಗುವ ಸಂದಿನಲ್ಲಷ್ಟೇ ಚಿತ್ರ ಬದಲಿಸು.

ಆದರೆ ಸಿನಿಮಾ ರೀಲು ಪ್ರೊಜೆಕ್ಟರಿನ ಹಲ್ಲಿಗೆ ಸಿಕ್ಕಿ, ಸೆಕೆಂಡಿಗೆ 24ರಂತೆ ತಪ್ಪದೆ ಸಾಗುತ್ತದೆ. ಆಟದ ಚಿತ್ರ ಹಾಗಲ್ಲ. ಬಯಲಿನಲ್ಲಿ ಬೇಗ, ಊರೊಳಗೆ ತಡ. ಚಿತ್ರ ಇಡಲು ಎರಡೇ ಜಾಗ (ಬಫರ್) ಇರುವ ವಿ-ಸಿಂಕ್‌ನಲ್ಲಿ ಚಿತ್ರ ಒಂದೇ ಒಂದು ಮಿಲಿಸೆಕೆಂಡು ತಡವಾದರೂ ಮುಂದಿನ ಸುತ್ತಿನವರೆಗೆ ಕಾಯಬೇಕು. ಬಸ್ಸು ತಪ್ಪಿದವನು ಮುಂದಿನ ಬಸ್ಸಿಗೆ ನಿಂತ ಹಾಗೆ. 60 ಇದ್ದದ್ದು ಒಮ್ಮೆಲೇ 30ಕ್ಕೆ ಬೀಳುತ್ತದೆ, ಆಟ ಮುಗ್ಗರಿಸುತ್ತದೆ. ಕಾರ್ಡು ಬೇಗ ಮುಗಿಸಿದರೂ ಸುಖವಿಲ್ಲ: ಸಿದ್ಧವಾದ ಚಿತ್ರ ಸರದಿಯಲ್ಲಿ ನಿಂತು ಹಳಸುತ್ತದೆ, ಕೈ ತಿರುಗಿಸಿದ್ದು ಕಣ್ಣಿಗೆ ತಡವಾಗಿ ಕಾಣುತ್ತದೆ. ಹುಡುಗನ ದೂರು ಸರಿಯೇ. ಕೌಂಟರ್-ಸ್ಟ್ರೈಕ್ ಆಡುವವರು ಹರಿದರೆ ಹರಿಯಲಿ ಎಂದು ವಿ-ಸಿಂಕ್ ಆಫ್ ಮಾಡುವುದನ್ನೂ ನಾನು ತಪ್ಪೆನ್ನಲಾರೆ.

ವಿ-ಸಿಂಕ್ ಬಿಟ್ಟು, ಆಟದ ಫ್ರೇಮ್ ಮಿತಿಯನ್ನು 60ಕ್ಕೆ ಕಟ್ಟಿ ನೋಡಿದೆವು. ಹರಿದ ಗೆರೆ ಹೋಗಲಿಲ್ಲ, ಪರದೆಯ ಮೇಲೆ ಜೇಡದ ಹಾಗೆ ನಿಧಾನವಾಗಿ ತೆವಳತೊಡಗಿತು. ಮೊದಲಿನದಕ್ಕಿಂತ ಇದೇ ಹೆಚ್ಚು ಕಿರಿಕಿರಿ.

ನನ್ನ ಪ್ರಕಾರ ಮೂಲಕ್ಕೆ ಕೈ ಹಾಕಿದ ಪರಿಹಾರ ಒಂದೇ: ಕಾರ್ಡನ್ನು ಕಾಯಿಸುವ ಬದಲು ಮಾನಿಟರನ್ನೇ ಕಾಯಿಸುವುದು. ಕಾರ್ಡು ತಯಾರಿಸುವ ಎನ್‌ವಿಡಿಯಾ 2013ರಲ್ಲಿ ಜಿ-ಸಿಂಕ್ ಎಂದು ಇದನ್ನು ತಂದಾಗ ಮಾನಿಟರಿನೊಳಗೆ ಪ್ರತ್ಯೇಕ ಬೋರ್ಡು ಬೇಕಿತ್ತು, ಬೆಲೆ ಮಧ್ಯಮ ವರ್ಗದ ಮಾತಾಗಿರಲಿಲ್ಲ. ಮರುವರ್ಷ ಅದರ ಎದುರಾಳಿ ಎಎಂಡಿ ಇದೇ ಕೆಲಸಕ್ಕೆ ಫ್ರೀಸಿಂಕ್ ಪ್ರಕಟಿಸಿತು. 2019ರಲ್ಲಿ ಎನ್‌ವಿಡಿಯಾವೂ ಫ್ರೀಸಿಂಕ್ ಬಗೆಯ ಮಾನಿಟರುಗಳಿಗೆ ಡಿಸ್‌ಪ್ಲೇಪೋರ್ಟ್ ಮೂಲಕ ಬಾಗಿಲು ತೆರೆಯಿತು.

ಹುಡುಗನ ಸೆಕೆಂಡ್ ಹ್ಯಾಂಡ್ ಮಾನಿಟರಿನ ಮೂಲೆಯಲ್ಲೂ ಫ್ರೀಸಿಂಕ್ ಸ್ಟಿಕ್ಕರ್ ಇತ್ತು. ಆದರೆ ಅಂಗಡಿಯವನು ಕೊಟ್ಟದ್ದು ಎಚ್‌ಡಿಎಂಐ ಕೇಬಲ್, ಇವನದು ಎನ್‌ವಿಡಿಯಾ ಕಾರ್ಡು. ಮಾನಿಟರಿನ ಸ್ವಂತ ಮೆನುವಿನಲ್ಲಿ ಫ್ರೀಸಿಂಕ್ ಆಫ್ ಆಗಿತ್ತು. ವಿಂಡೋಸ್ 75 ಹರ್ಟ್ಜ್ ಪರದೆಯನ್ನು 60ರಲ್ಲಿ ಓಡಿಸುತ್ತಿತ್ತು. ಕೇಬಲ್ ಬದಲಿಸಿ, ಮಾನಿಟರು ಮತ್ತು ಕಾರ್ಡು ಎರಡೂ ಕಡೆ ಆನ್ ಮಾಡಿ, ಪರದೆಯನ್ನು 75ಕ್ಕೆ ಏರಿಸಿ, ಫ್ರೇಮ್ ಮಿತಿಯನ್ನು 72ಕ್ಕೆ ಇಟ್ಟೆವು. ಕಂಬ ನೆಟ್ಟಗೆ ನಿಂತಿತು, ಸ್ಟೇರಿಂಗೂ ಮಾತು ಕೇಳಿತು.

ಹಾಗಂತ ಪೂರ್ತಿ ಅಂಕ ಕೊಡಲಾರೆ. ಆ ಮಾನಿಟರು ಕಾರ್ಡಿಗೆ ಹೊಂದಿಕೊಳ್ಳುವುದು 48ರಿಂದ 75ರವರೆಗೆ ಮಾತ್ರ. ಸ್ಟಿಕ್ಕರ್ ಈ ಅಂಕಿ ಹೇಳುವುದಿಲ್ಲ. ಕೊಳ್ಳುವವರು ಹೆಸರು ಕೇಳಬೇಡಿ, ಕೆಳಗಿನ ಅಂಕಿ ಕೇಳಿ. ಐರಾವತ ಊರೊಳಗೆ ಹೊಕ್ಕು ಫ್ರೇಮು 40ಕ್ಕೆ ಇಳಿದಾಗ ಈಗಲೂ ಒಂದೊಂದು ಕಂಬ ಮುರಿಯುತ್ತದೆ. ನೆರಳಿನ ಗುಣಮಟ್ಟ ಇಳಿಸು ಅಂದರೆ ಹುಡುಗ ಒಪ್ಪುತ್ತಿಲ್ಲ.